ನಿಸರ್ಗದ ಸುಂದರ ಫೋಟೋಗಳಿಂದ ಪರಿಸರಕ್ಕೆ ಏನಾದರೂ ಉಪಯೋಗವಿದೆಯೇ?

ಬೆಟ್ಟ, ನದಿ, ಕಾಡುಗಳ ಫೋಟೋ ಹಾಕಿದರೆ ಜನ ‘ಅದ್ಭುತ’ ಎಂದು ಬರೆದು ಮುಂದೆ ಹೋಗುತ್ತಾರೆ, ಇದರಿಂದ ಜಾಗೃತಿ ಹೇಗೆ ಮೂಡೀತು ಎಂದು ಕೇಳಿದ್ದೀರಿ. ಮೂಡಬಹುದು, ಆದರೆ ಚೆಲುವೊಂದರಿಂದಲೇ ಅಲ್ಲ. ಆ ಜಾಗದ ಹಣೆಬರಹ ಇನ್ನೂ ತೀರ್ಮಾನವಾಗದಿರುವಾಗ, ತೀರ್ಮಾನಿಸುವವರ ಕಣ್ಣಿಗೆ ಚಿತ್ರ ಬೀಳಬೇಕು. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಅಲೆಯುವ ಹವ್ಯಾಸಿಯಾಗಿ ನಾನು ನಂಬಿರುವುದು ಇದನ್ನೇ.

ಆಸ್ಟ್ರೇಲಿಯಾದ ಟಾಸ್ಮೇನಿಯಾವನ್ನು ನೋಡಿ. ಅಲ್ಲಿನ ಪೆಡ್ಡರ್ ಸರೋವರವನ್ನು ಉಳಿಸಲು ಛಾಯಾಗ್ರಾಹಕ ಒಲೆಗಾಸ್ ಟ್ರುಖಾನಾಸ್ ತಮ್ಮ ಸ್ಲೈಡ್‌ಗಳನ್ನು ಜನರಿಗೆ ತೋರಿಸುತ್ತಿದ್ದರು. ಆದರೂ 1972ರಲ್ಲಿ ಅದು ಜಲವಿದ್ಯುತ್ ಯೋಜನೆಯ ನೀರಿನಡಿ ಹೋಯಿತು. ಮುಂದೆ ಫ್ರಾಂಕ್ಲಿನ್ ನದಿಗೂ ಅಣೆಕಟ್ಟಿನ ಭಯ ಬಂದಾಗ, ಟ್ರುಖಾನಾಸ್ ಅವರ ಶಿಷ್ಯರಂತಿದ್ದ ಪೀಟರ್ ದೊಂಬ್ರೊವ್‌ಸ್ಕಿಸ್ ತೆಗೆದ ಮಂಜು ಮುಸುಕಿದ ನದಿ ತಿರುವಿನ ಚಿತ್ರವನ್ನು ಹೋರಾಟಗಾರರು 1983ರ ಚುನಾವಣೆಗೆ ಮುನ್ನ ಪತ್ರಿಕೆಗಳಲ್ಲಿ ಜಾಹೀರಾತಾಗಿ ಹಾಕಿಸಿದರು. ಇದನ್ನು ನಾಶಮಾಡುವ ಪಕ್ಷಕ್ಕೆ ಮತ ಹಾಕುತ್ತೀರಾ ಎಂಬ ಪ್ರಶ್ನೆ ಅದರ ಜೊತೆಗಿತ್ತು. ಅಣೆಕಟ್ಟನ್ನು ತಡೆಯುತ್ತೇವೆಂದ ಪಕ್ಷ ಗೆದ್ದಿತು. ಅದೇ ವರ್ಷ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್‌ನ ತೀರ್ಪೂ ಅಣೆಕಟ್ಟು ತಡೆಯಹೊರಟ ಕೇಂದ್ರ ಸರ್ಕಾರದ ಪರ ಬಂದು ನದಿ ಉಳಿಯಿತು. ಒಂದು ಫೋಟೋ ಸರ್ಕಾರವನ್ನೇ ಬದಲಿಸಿತು ಎಂದರೆ ಅತಿಶಯವಾದೀತು. ನದಿಗಿಳಿದು ಕಾಮಗಾರಿಗೆ ಅಡ್ಡ ನಿಂತು ಜೈಲಿಗೆ ಹೋದವರು ನೂರಾರು ಮಂದಿ. ಚಿತ್ರ ಮಾಡಿದ್ದೆಂದರೆ, ಆ ನದಿಯನ್ನು ಎಂದೂ ನೋಡದ, ನೋಡಲೂ ಹೋಗದ ಮತದಾರನಿಗೂ ಅದನ್ನು ಕಾಣಿಸಿದ್ದು.

ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಗ್ಲೆನ್ ಕಣಿವೆ ಸಾಕ್ಷಿ. ಎಲಿಯಟ್ ಪೋರ್ಟರ್ ಅವರ ಚಿತ್ರಗಳು ಪುಸ್ತಕವಾಗಿ ಬಂದ 1963ರಲ್ಲೇ ಅಣೆಕಟ್ಟಿನ ಬಾಗಿಲು ಮುಚ್ಚಿ ಕಣಿವೆಯಲ್ಲಿ ನೀರು ಏರತೊಡಗಿತ್ತು.

ನನಗೆ ಕಸಿವಿಸಿ ತರುವ ಉದಾಹರಣೆಯೂ ಒಂದಿದೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ದೊಡ್ಡ ಗಾಜಿನ ಫಲಕಗಳ ಮೇಲೆ ತೆಗೆದ, ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಚಿತ್ರಗಳ ಪ್ರಭಾವವೂ ಸೇರಿ, 1864ರಲ್ಲಿ ಆ ಕಣಿವೆಗೆ ಕಾನೂನಿನ ರಕ್ಷಣೆ ಸಿಕ್ಕಿತು. ಚಿತ್ರಗಳಲ್ಲಿ ಕಣಿವೆ ಬಹುಪಾಲು ನಿರ್ಜನವಾಗಿ ಕಾಣುತ್ತದೆ. ಆದರೆ ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಮೂಲನಿವಾಸಿಗಳ ಮೇಲೆ 1851ರಲ್ಲೇ ಸಶಸ್ತ್ರ ಪಡೆ ದಾಳಿ ಮಾಡಿತ್ತು. ಹಾಗಾಗಿ ಚೌಕಟ್ಟಿನಿಂದ ದನಗಾಹಿಯನ್ನೋ ವಿದ್ಯುತ್ ಕಂಬವನ್ನೋ ಹೊರಗಿಡುವ ಮೊದಲು ಎರಡು ಸಲ ಯೋಚಿಸಿ. ಮನುಷ್ಯರು ಮುಟ್ಟದ ನಿಸರ್ಗ ಎಂಬರ್ಥದ ‘ಕನ್ಯಾಪ್ರಕೃತಿ’ ಎಂಬ ಮಾತೇ ನನಗೆ ಸೇರುವುದಿಲ್ಲ.

ನೀವು ಮಾಡಬಹುದಾದದ್ದು? ಹೊಸ ಹೊಸ ಜಾಗ ಹುಡುಕುವುದಕ್ಕಿಂತ ಸುಲಭವಾಗಿ ಹೋಗಿಬರಬಹುದಾದ ಒಂದೇ ಕೆರೆಯನ್ನೋ ಗುಡ್ಡವನ್ನೋ ವರ್ಷಗಟ್ಟಲೆ ಹಿಂಬಾಲಿಸಿ. ಛಾಯಾಗ್ರಾಹಕ ಜೇಮ್ಸ್ ಬೇಲಾಗ್ 2007ರಲ್ಲಿ ಹಿಮನದಿಗಳೆದುರು ಕ್ಯಾಮೆರಾಗಳನ್ನು ನೆಟ್ಟದ್ದು ಇದೇ ಉಪಾಯದಿಂದ: ಕಣ್ಣಿಗೆ ಕಾಣದಷ್ಟು ನಿಧಾನವಾದ ಕರಗುವಿಕೆ ಚಿತ್ರಗಳ ಸರಣಿಯಲ್ಲಿ ಎದ್ದು ಕಾಣುತ್ತದೆ. ನಿಮಗೆ ಅಷ್ಟು ಸಲಕರಣೆ ಬೇಕಿಲ್ಲ, ಮೊಬೈಲ್ ಸಾಕು. ಆದರೆ ನಿಲ್ಲುವ ಜಾಗ, ಲೆನ್ಸ್‌ನ ನಾಭಿದೂರ (ಅಂದರೆ ಜೂಮ್‌ನ ಮಟ್ಟ), ಹೊತ್ತು ಒಂದೇ ಆಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಋತು ಒಂದೇ ಇರಬೇಕು. ಮಳೆಗಾಲದ ತುಂಬು ಕೆರೆಯ ಪಕ್ಕ ಬೇಸಿಗೆಯ ಬಿರುಕು ನೆಲವನ್ನಿಟ್ಟು ‘ಕೆರೆ ಸತ್ತಿತು’ ಎಂದರೆ, ತಿಳಿದವರು ಒಬ್ಬರು ಪ್ರಶ್ನಿಸಿದರೂ ನಿಮ್ಮ ಮಾತಿನ ಬೆಲೆ ಹೋಗುತ್ತದೆ. ಬಣ್ಣ ಏರಿಸುವ ಚಪಲವನ್ನೂ ಇಲ್ಲಿ ಬಿಡಿ, ಮೂಲ ಕಡತಗಳನ್ನು ಕಾಪಾಡಿಕೊಳ್ಳಿ.

ಚಿತ್ರದ ಕೆಳಗೆ ಕವಿತೆ ಬೇಡ. ದಿನಾಂಕ, ಅಲ್ಲಿ ಏನು ನಡೆಯುತ್ತಿದೆ, ಯಾವ ಇಲಾಖೆಯ ಮುಂದೆ ಯಾವ ಪ್ರಸ್ತಾವವಿದೆ, ಆಕ್ಷೇಪಣೆಗೆ ಕೊನೆಯ ದಿನ ಯಾವುದು ಎಂದು ಬರೆಯಿರಿ. ಆದರೆ ಸೂಕ್ಷ್ಮ ಜಾಗವಾದರೆ ನಿಖರ ಸ್ಥಳವನ್ನು ಬಹಿರಂಗವಾಗಿ ಹಾಕಬೇಡಿ. ಐಸ್‌ಲ್ಯಾಂಡಿನ ಒಂದು ಕಣಿವೆ ಜನಪ್ರಿಯ ಸಂಗೀತ ವೀಡಿಯೊದಲ್ಲಿ ಕಾಣಿಸಿಕೊಂಡ ಮೇಲೆ ಪ್ರವಾಸಿಗರ ತುಳಿತಕ್ಕೆ ಹಾಳಾಗಿ, 2019ರಲ್ಲಿ ಕೆಲಕಾಲ ಅದನ್ನು ಮುಚ್ಚಬೇಕಾಯಿತು. ಅಧಿಕಾರಿಗಳಿಗೋ ಸಂಶೋಧಕರಿಗೋ ಸ್ಥಳದ ವಿವರ ಬೇಕಿದ್ದರೆ ಪ್ರತ್ಯೇಕವಾಗಿ ಕಳುಹಿಸಿ.