ಓದುಗರ ಪ್ರಶ್ನೆ: ಬ್ರೌಸರ್ ತೊಂದರೆಗಳಲ್ಲಿ ಯಾವುದನ್ನು ಮೊದಲು ಸರಿಪಡಿಸಬೇಕು?

ಪ್ರಶ್ನೆ: ತೊಗರಿ ವ್ಯಾಪಾರಿಗಳಿಗೆ, ಕಾಲೇಜುಗಳಿಗೆ, ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಒಂದು ಬ್ರೌಸರಿನಲ್ಲಿ ಚೆನ್ನಾಗಿದ್ದ ಪುಟ ಇನ್ನೊಂದರಲ್ಲಿ ಕೆಡುವುದು ದಿನನಿತ್ಯದ ಗೋಳು. ಊರಿನ ಡೆವಲಪರ್‌ಗಳಿಗೆ ಫಾರ್ಮ್ ಕಳಿಸಿ, 12 ತೊಂದರೆಗಳಿಗೆ 1ರಿಂದ 5ರವರೆಗೆ ಅಂಕ ಕೊಡಿ ಎಂದೆವು. ಹೆಚ್ಚುಕಡಿಮೆ ಎಲ್ಲದಕ್ಕೂ 4 ಅಥವಾ 5 ಬಂದಿದೆ. ಈಗ ಏನು ಮಾಡುವುದು?
– ವೆಬ್ ಡೆವಲಪರ್, ಕಲಬುರಗಿ

ಉತ್ತರ: ಆ ಅಂಕಗಳಿಂದ ಆದ್ಯತೆ ತಿಳಿಯುವುದಿಲ್ಲ, ಪಕ್ಕಕ್ಕಿಡಿ. ಬಿಡಿಬಿಡಿಯಾಗಿ ಕೇಳಿದರೆ ಪ್ರತಿ ತೊಂದರೆಯೂ ದೊಡ್ಡದೇ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಾದಾಗ ಮಾತ್ರ ಹೆಚ್ಚು ಕಾಡುವುದು ಯಾವುದೆಂದು ಹೊರಬರುತ್ತದೆ. ಇದಕ್ಕೆ ‘ಮ್ಯಾಕ್ಸ್‌ಡಿಫ್’ ಎಂಬ ವಿಧಾನವಿದೆ. ಒಮ್ಮೆಗೆ ನಾಲ್ಕು ತೊಂದರೆ ತೋರಿಸಿ, ಅತಿ ಹೆಚ್ಚು ಕಾಡುವುದು ಒಂದು, ಅತಿ ಕಡಿಮೆ ಕಾಡುವುದು ಒಂದು ಆರಿಸಲು ಹೇಳಿ. ನಿಮ್ಮ 12 ತೊಂದರೆಗಳಿಗೆ ಇಂಥ 9 ಪ್ರಶ್ನೆ ಸಾಕು, ಪ್ರತಿಯೊಂದೂ ಮೂರು ಸಲ ಕಣ್ಣಿಗೆ ಬೀಳುತ್ತದೆ. ‘ಹೆಚ್ಚು’ ಎಂದು ಆರಿಸಿದ ಸಲಗಳಿಂದ ‘ಕಡಿಮೆ’ ಎಂದ ಸಲಗಳನ್ನು ಕಳೆದು, ಒಟ್ಟು ತೋರಿಸಿದ ಸಲಗಳಿಂದ ಭಾಗಿಸಿ. ಉತ್ತರ -1ರಿಂದ +1ರ ನಡುವೆ ಬರುತ್ತದೆ. ತೋರಿಸುವ ಕ್ರಮವನ್ನು ಒಬ್ಬೊಬ್ಬರಿಗೂ ಬದಲಿಸಿ, ಇಲ್ಲವಾದರೆ ಮೊದಲು ಕಂಡದ್ದಕ್ಕೇ ಮತ ಹೆಚ್ಚು ಬೀಳುತ್ತದೆ.

ಇದರ ಜೊತೆಗೆ ಎರಡು ಪ್ರಶ್ನೆ ಬಿಡದೆ ಕೇಳಿ. ಮೊದಲನೆಯದು: ‘ಈಚೆಗೆ ಪುಟ ಕೆಟ್ಟದ್ದು ಯಾವ ಬ್ರೌಸರಿನ ಯಾವ ಆವೃತ್ತಿಯಲ್ಲಿ, ಏನು ಕೆಟ್ಟಿತು, ಸರಿಪಡಿಸಲು ಎಷ್ಟು ಹೊತ್ತಾಯಿತು?’ ಎರಡನೆಯದು: ‘ಬಳಸಬೇಕೆಂದಿದ್ದೂ ಬ್ರೌಸರುಗಳ ಭಯಕ್ಕೆ ಕೈಬಿಟ್ಟದ್ದು ಯಾವುದು?’ ನಮ್ಮ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು. ಒಂದು ಸೌಲಭ್ಯದ ಗೋಜಿಗೇ ಹೋಗದವರು ಅದರಿಂದ ತೊಂದರೆಯಾಗಿದೆ ಎಂದು ಬರೆಯುವುದಿಲ್ಲ. ಹೀಗಾಗಿ ಎಲ್ಲರೂ ದೂರವಿಟ್ಟ ಸೌಲಭ್ಯ ಪಟ್ಟಿಯ ಕೊನೆಗೆ ಬೀಳುತ್ತದೆ.

ಮತಗಳ ಪಟ್ಟಿ ಸಿಕ್ಕ ಮೇಲೆ ಕೆಲಸಕ್ಕೆ ಇಳಿಯುವ ಮುನ್ನ ಪಕ್ಕದಲ್ಲಿ ಇನ್ನೆರಡು ಅಂಕಣ ಹಾಕಿ: ನಿಮ್ಮ ಗಿರಾಕಿಗಳ ಸೈಟಿಗೆ ಆ ಬ್ರೌಸರಿನಿಂದ ಎಷ್ಟು ಜನ ಬರುತ್ತಾರೆ, ಕೆಟ್ಟರೆ ಕೆಲಸ ನಿಲ್ಲುತ್ತದೋ ಅಥವಾ ಅಂದ ಮಾತ್ರ ಕೆಡುತ್ತದೋ. ಮೂರನ್ನೂ ಗುಣಿಸಿ ಒಂದೇ ಅಂಕಿ ಮಾಡಬೇಡಿ. ಪ್ರವೇಶದ ಅರ್ಜಿ ಸಲ್ಲಿಕೆಯಾಗದಂತೆ ಮಾಡುವ ದೋಷಕ್ಕೆ ಮತ ಎಷ್ಟೇ ಕಡಿಮೆ ಬಂದಿರಲಿ, ಅದೇ ಮೊದಲು. ಉದಾಹರಣೆಗೆ ತಾರೀಖು ಮತ್ತು ಸಮಯದ ನಡುವೆ ಬರೀ ಜಾಗ ಬಿಟ್ಟು ‘2024-03-05 10:00’ ಎಂದು ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಕ್ರೋಮ್ ಒಪ್ಪಿಕೊಳ್ಳುತ್ತದೆ, ಹಳೆಯ ಸಫಾರಿ ತಪ್ಪು ತಾರೀಖು ಎನ್ನುತ್ತದೆ. ನಡುವೆ ಇಂಗ್ಲಿಷಿನ ‘ಟಿ’ ದೊಡ್ಡಕ್ಷರ ಹಾಕಿದರೆ ಮುಗಿಯಿತು. ಅರ್ಜಿ ತುಂಬಲು ಬಂದವರಿಗೆ ಮಾತ್ರ ಅದೇ ದೊಡ್ಡ ಗೋಡೆ.

ಪ್ರಶ್ನೆ: ಬ್ರೌಸರ್ ಕಂಪನಿಗಳು ಇಂಥ ಸಮೀಕ್ಷೆಗಳಿಗೆ ನಿಜಕ್ಕೂ ಕಿವಿಗೊಡುತ್ತವೆಯೇ? ಬೀದರದಲ್ಲಿ ಕೂತು ನಾವು ತುಂಬಿದ ಫಾರ್ಮ್ ಯಾರ ಲೆಕ್ಕಕ್ಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೀದರ್

ಉತ್ತರ: ಕಿವಿಗೊಟ್ಟಿವೆ. 2019ರಲ್ಲಿ ವೆಬ್ ಡೆವಲಪರುಗಳ ಕೈಪಿಡಿ ತಾಣವಾದ ಎಂಡಿಎನ್ ನಡೆಸಿದ ಸಮೀಕ್ಷೆಗೆ 28,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಹೆಚ್ಚು ಕಾಡುವ ಐದು ಸಂಗತಿಗಳಲ್ಲಿ ನಾಲ್ಕು ಬ್ರೌಸರ್ ಹೊಂದಾಣಿಕೆಗೆ ಸೇರಿದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರಂಥವನ್ನು ಸಾಕಬೇಕಾದ ಕಷ್ಟ ಅವುಗಳಲ್ಲೊಂದು. ಮರುವರ್ಷ ಹೊಂದಾಣಿಕೆಯನ್ನೇ ಕೆದಕಿ ಕೇಳಿದ ವರದಿ ಬಂತು. ಆಮೇಲೆ ‘ಕಂಪ್ಯಾಟ್ 2021’ ಎಂಬ ಪ್ರಯತ್ನ ಐದು ವಿಷಯಗಳನ್ನು ಕೈಗೆತ್ತಿಕೊಂಡಿತು: ಫ್ಲೆಕ್ಸ್‌ಬಾಕ್ಸ್, ಗ್ರಿಡ್ (ಎರಡೂ ಪುಟದ ಅಂಶಗಳನ್ನು ಜೋಡಿಸುವ ವಿಧಾನಗಳು), ಸ್ಟಿಕಿ ಪೊಸಿಷನ್ (ಸ್ಕ್ರಾಲ್ ಮಾಡಿದರೂ ಅಂಶ ಅಂಟಿ ನಿಲ್ಲುವುದು), ಆಸ್ಪೆಕ್ಟ್ ರೇಶಿಯೊ (ಅಗಲ-ಎತ್ತರದ ಅನುಪಾತ), ಟ್ರಾನ್ಸ್‌ಫಾರ್ಮ್. 2022ರಿಂದ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ, ಇಗಾಲಿಯಾ, ಬೋಕೂಪ್ ಒಟ್ಟಾಗಿ ‘ಇಂಟರಾಪ್’ ಹೆಸರಿನಲ್ಲಿ ಅದನ್ನು ಮುಂದುವರಿಸಿದವು.

ಆದರೆ ‘ಫ್ಲೆಕ್ಸ್‌ಬಾಕ್ಸ್ ಕಾಡುತ್ತದೆ’ ಎಂಬ ಮತ ಎಂಜಿನಿಯರ್ ಕೈಗೆ ಹೋದರೆ ಅವರಿಗೆ ಅದರಿಂದ ಏನೂ ಮಾಡಲಾಗದು. ಅದರೊಳಗೆ ಗ್ಯಾಪ್ (ಅಂಶಗಳ ನಡುವೆ ಅಂತರ ಬಿಡುವ ಸೌಲಭ್ಯ) ಇಲ್ಲದಿರುವುದು, ಚಿತ್ರ ಹಿಗ್ಗುವುದು, ಎತ್ತರದ ಲೆಕ್ಕ ತಪ್ಪುವುದು ಹೀಗೆ ಬೇರೆಬೇರೆ ದೋಷಗಳು ಅಡಗಿರುತ್ತವೆ. ಆದ್ದರಿಂದ ದೂರನ್ನು ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಎಂಬ ಸಾಮಾನ್ಯ ಪರೀಕ್ಷಾ ಸಂಗ್ರಹದ ನಿರ್ದಿಷ್ಟ ಪರೀಕ್ಷೆಗಳಿಗೆ ಗಂಟುಹಾಕುತ್ತಾರೆ. ಎಷ್ಟು ಪಾಸಾಯಿತು ಎಂಬುದೇ ವರ್ಷದ ಅಂಕ. ನೀವು ಸಮೀಕ್ಷೆ ತುಂಬುವಾಗಲೂ ಸೌಲಭ್ಯದ ಹೆಸರಿಗೇ ನಿಲ್ಲದೆ, ದೋಷ ಮರುಕಳಿಸುವ ಅತಿ ಸಣ್ಣ ಪುಟವೊಂದನ್ನು ಜೋಡಿಸಿ. ಫ್ರೇಮ್‌ವರ್ಕ್ ತೆಗೆಯಿರಿ, ಹೊರಗಿನ ಫಾಂಟ್ ತೆಗೆಯಿರಿ, ಒಂದೊಂದೇ ಸಾಲು ಅಳಿಸುತ್ತ ಹೋಗಿ. ಯಾವ ಸಾಲು ಅಳಿಸಿದಾಗ ದೋಷ ಮಾಯವಾಗುತ್ತದೋ ಅದನ್ನು ವಾಪಸ್ ಹಾಕಿ ನಿಲ್ಲಿಸಿ. ಹತ್ತಿಪ್ಪತ್ತು ಸಾಲಿಗೆ ಇಳಿದ ಅಂಥ ಪುಟವನ್ನು ಆಯಾ ಬ್ರೌಸರಿನ ದೋಷಪಟ್ಟಿಗೂ ಸಲ್ಲಿಸಬಹುದು. ಬೀದರದಿಂದ ಬಂದರೂ ಅದರ ತೂಕ ಕಡಿಮೆಯಾಗದು.

ಪ್ರಶ್ನೆ: ಗ್ಯಾಪ್ ಇದೆಯೇ ಎಂದು ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ‘ಸಪೋರ್ಟ್ಸ್’ ನಿಯಮದಿಂದ ಪರೀಕ್ಷಿಸಿದರೆ ಇದೆ ಎನ್ನುತ್ತದೆ. ಗಿರಾಕಿಯ ಹಳೆಯ ಐಫೋನಿನಲ್ಲಿ ಬಟನ್‌ಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿವೆ. ಕ್ರೋಮ್ ಹಾಕಿಸಿದರೂ ಅಷ್ಟೇ.
– ಫ್ರೀಲ್ಯಾನ್ಸರ್, ಯಾದಗಿರಿ

ಉತ್ತರ: ಗ್ಯಾಪ್ ಮೊದಲು ಬಂದದ್ದು ಗ್ರಿಡ್‌ಗೆ. ಫ್ಲೆಕ್ಸ್‌ಬಾಕ್ಸ್‌ಗೆ ಅದು ಸಿಕ್ಕಿದ್ದು ಫೈರ್‌ಫಾಕ್ಸ್ 63, ಕ್ರೋಮ್ 84, ಸಫಾರಿ 14.1ರಲ್ಲಿ. ಗ್ರಿಡ್‌ನ ಗ್ಯಾಪ್ ಮಾತ್ರ ಗೊತ್ತಿರುವ ಬ್ರೌಸರ್ ಕೂಡ ‘ಇದೆ’ ಎಂದೇ ಹೇಳುತ್ತದೆ. ಐಫೋನಿನಲ್ಲಿ ಕ್ರೋಮ್ ಕೂಡ ಸಫಾರಿಯ ಎಂಜಿನ್ ಆಗಿ ಫೋನಿನಲ್ಲಿರುವ ವೆಬ್‌ಕಿಟ್ ಮೇಲೆಯೇ ಓಡುವುದರಿಂದ ಬ್ರೌಸರ್ ಬದಲಿಸಿ ಫಲವಿಲ್ಲ. ಐಫೋನ್ 6 ಐಒಎಸ್ 12ಕ್ಕೇ ನಿಂತುಬಿಟ್ಟಿದೆ, ಹಾಗಾಗಿ ಅದಕ್ಕೆ ಸಫಾರಿ 14.1 ಸಿಗುವುದೇ ಇಲ್ಲ.

ಖಚಿತವಾಗಿ ತಿಳಿಯಲು ಸ್ಕ್ರಿಪ್ಟ್‌ನಿಂದ ಒಂದು ಫ್ಲೆಕ್ಸ್ ಡಬ್ಬಿ ಮಾಡಿ, ದಿಕ್ಕು ಕಾಲಮ್, ರೋ ಗ್ಯಾಪ್ 1 ಪಿಕ್ಸೆಲ್, ಒಳಗೆ ಎರಡು ಖಾಲಿ ಡಿವ್. ಪುಟಕ್ಕೆ ಸೇರಿಸಿ ಅದರ ಸ್ಕ್ರಾಲ್ ಹೈಟ್ ನೋಡಿ. 1 ಬಂದರೆ ಗ್ಯಾಪ್ ಕೆಲಸ ಮಾಡುತ್ತಿದೆ, 0 ಬಂದರೆ ಇಲ್ಲ. ಇಲ್ಲದ ಕಡೆ ಮಾರ್ಜಿನ್ ಬಳಸಿ.

ಪ್ರಶ್ನೆ: ನಮ್ಮ ಸೈಟ್ ಕನ್ನಡ, ಉರ್ದು ಎರಡರಲ್ಲೂ ಇದೆ. ನಮಗಾಗುವ ತೊಂದರೆ ಯಾವ ದೊಡ್ಡ ಸಮೀಕ್ಷೆಯ ಪಟ್ಟಿಯಲ್ಲೂ ಮೇಲೆ ಕಾಣುವುದಿಲ್ಲ. ಬಿಟ್ಟುಬಿಡೋಣವೇ?
– ಶಿಕ್ಷಣ ಸಂಸ್ಥೆಯೊಂದರ ಸಿಬ್ಬಂದಿ, ಕಲಬುರಗಿ

ಉತ್ತರ: ಖಂಡಿತ ಬಿಡಬೇಡಿ. ಬಲದಿಂದ ಎಡಕ್ಕೆ ಬರೆಯುವ ಪುಟ ಮಾಡುವವರು ಉತ್ತರಿಸಿದವರಲ್ಲಿ ಕಡಿಮೆಯಿದ್ದರೆ ಅವರ ತೊಂದರೆ ಸರಾಸರಿಯಲ್ಲಿ ಮುಳುಗುತ್ತದೆ. ನೀವೇ ಸಮೀಕ್ಷೆ ಮಾಡುವುದಾದರೆ ‘ಯಾವ ಲಿಪಿಗಳಲ್ಲಿ ಪುಟ ಮಾಡುತ್ತೀರಿ’ ಎಂದು ಕೇಳಿ, ಆ ಗುಂಪಿನ ಲೆಕ್ಕವನ್ನು ಬೇರೆಯಾಗಿಯೇ ತೆಗೆಯಿರಿ.

ತೊಂದರೆ ನಿಜಕ್ಕೂ ಬ್ರೌಸರಿನದೇ ಎಂಬುದನ್ನೂ ನೋಡಿ. ಉರ್ದು ಪುಟದಲ್ಲಿ ‘+91 8472’ ಎಂದು ಶುರುವಾಗುವ ಫೋನ್ ನಂಬರ್ ತಿರುಗುಮುರುಗಾಗಿ ಕಾಣುವುದು ಎಲ್ಲ ಬ್ರೌಸರುಗಳಲ್ಲೂ ಒಂದೇ ರೀತಿ, ಯೂನಿಕೋಡ್ ನಿಯಮವೇ ಹಾಗಿದೆ. ನಂಬರಿನ ಸುತ್ತ ಸ್ಪ್ಯಾನ್ ಹಾಕಿ ಅದರ ದಿಕ್ಕನ್ನು ಎಡದಿಂದ ಬಲಕ್ಕೆ ಎಂದು ಕೊಟ್ಟರೆ ಸರಿಹೋಗುತ್ತದೆ. ಸ್ಥಿರ ಎತ್ತರದ ಬಟನ್‌ನಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುವುದೂ ನಮ್ಮದೇ ತಪ್ಪು: ಎತ್ತರ ತೆಗೆದು ಪ್ಯಾಡಿಂಗ್ ಕೊಡಿ, ಲೈನ್ ಹೈಟ್ 1.6ರ ಆಸುಪಾಸಿಗೆ ಏರಿಸಿ. ಉರ್ದುವಿನ ಓರೆ ಬರಹದ ನಸ್ತಾಲಿಕ್ ಫಾಂಟಿಗೆ 2ಕ್ಕಿಂತ ಹೆಚ್ಚೇ ಬೇಕಾದೀತು. ಆದರೆ ಲೆಟರ್ ಸ್ಪೇಸಿಂಗ್ ಕೊಟ್ಟಾಗ ಉರ್ದು ಅಕ್ಷರಗಳ ಕೊಂಡಿ ಒಂದು ಬ್ರೌಸರಿನಲ್ಲಿ ಕಳಚಿ ಇನ್ನೊಂದರಲ್ಲಿ ಉಳಿದರೆ, ಅದು ಹೊಂದಾಣಿಕೆಯ ದೋಷ. ಸಣ್ಣ ಪುಟ ಮಾಡಿ, ಎರಡೂ ಬ್ರೌಸರುಗಳ ಸ್ಕ್ರೀನ್‌ಶಾಟ್ ಸೇರಿಸಿ, ಆವೃತ್ತಿ ಸಂಖ್ಯೆ ಬರೆದು ಕಳಿಸಿ. ಸರಿಹೋಗುವ ತನಕ ಉರ್ದು ಭಾಗಕ್ಕೆ ಲೆಟರ್ ಸ್ಪೇಸಿಂಗ್ 0 ಇಟ್ಟುಕೊಳ್ಳಿ.