ಬೇಲಿ ಕಾಣದು, ನಾಯಿ ಮೆಟ್ಟಿಲಿಳಿಯದು

ಪ್ರಶ್ನೆ: ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿದ್ದೇವೆ. ಮನೆಮುಂದೆ ಬೇಲಿ ಹಾಕಲು ಬಡಾವಣೆಯ ಅಸೋಸಿಯೇಷನ್‌ನವರು ಬಿಡುವುದಿಲ್ಲ. ಅದಕ್ಕೇ ನೆಲದಡಿ ತಂತಿ ಹೂತು ಎಲೆಕ್ಟ್ರಾನಿಕ್ ಬೇಲಿ ಮಾಡಿಸಿದೆವು. ಕಾಲರ್ ಕಟ್ಟಿ ಬಿಟ್ಟ ಮೊದಲ ದಿನವೇ ನಮ್ಮ ಲ್ಯಾಬ್ರಡಾರ್‌ಗೆ ಎರಡು ಸಲ ಶಾಕ್ ಹೊಡೆಯಿತು. ಈಗ ಮೆಟ್ಟಿಲು ಇಳಿಯಲೂ ಒಲ್ಲದು. ಏನು ಮಾಡೋಣ?

ಉತ್ತರ: ತಂತಿಯ ಹತ್ತಿರ ಬಂದರೆ ಕಾಲರ್ ಮೊದಲು ಬೀಪ್ ಎನ್ನುತ್ತದೆ, ಇನ್ನೂ ಮುಂದೆ ಹೋದರೆ ಶಾಕ್ ಕೊಡುತ್ತದೆ. ಆದರೆ ತಂತಿ ಎಲ್ಲಿದೆಯೆಂದು ನಾಯಿಗೆ ಯಾರೂ ಹೇಳಿಲ್ಲ. ಹುಲ್ಲಿನ ಮೇಲೆ ಹೋದೆ, ಕುತ್ತಿಗೆ ಚುರ್ ಎಂದಿತು, ಅಂದರೆ ಹುಲ್ಲೇ ಅಪಾಯ. ಅದರ ಲೆಕ್ಕ ಅಷ್ಟೇ. ಒಂದು ವಾರ ಕಾಲರ್ ಬಿಚ್ಚಿಡಿ. ಊಟದ ತಟ್ಟೆಯನ್ನು ದಿನಕ್ಕೆ ನಾಲ್ಕು ಹೆಜ್ಜೆಯಂತೆ ಅಂಗಳದ ನಡುವಿಗೆ ಸರಿಸುತ್ತ ಬನ್ನಿ. ಹೆದರಿಕೆ ಇಳಿದ ಮೇಲೆ ಮೊದಲಿಂದ ಶುರುಮಾಡಿ.

ಕಾಲರನ್ನು ನಾಯಿಯ ಕುತ್ತಿಗೆಯ ಎತ್ತರದಲ್ಲಿ ಕೈಯಲ್ಲಿ ಹಿಡಿದು ತಂತಿಯತ್ತ ನಡೆಯಿರಿ. ಬೀಪ್ ಎಂದಲ್ಲಿ ಬಾವುಟ ನೆಡಿ. ಸುತ್ತಲೂ ಎಂಟು ಅಡಿಗೊಂದರಂತೆ ಬಾವುಟ ಬೇಕು. ಶಾಕ್‌ಗೆ ಮುಂಚೆ ಬರೀ ಬೀಪ್ ಕೇಳುವ ಜಾಗ ಎರಡಡಿ ಅಗಲವಷ್ಟೇ ಇದ್ದರೆ ಓಡುವ ನಾಯಿ ಕಣ್ಣುಮಿಟುಕಿಸುವುದರೊಳಗೆ ದಾಟಿಬಿಡುತ್ತದೆ. ಜಾಗವಿದ್ದರೆ ಐದಾರು ಅಡಿ ಇಡಿ.

ಮೊದಲ ನಾಲ್ಕೈದು ದಿನ ಶಾಕ್ ಪೂರ್ತಿ ಬಂದ್, ಬರೀ ಬೀಪ್. ಹತ್ತು ಹದಿನೈದು ಅಡಿಯ ಹಗ್ಗವನ್ನು ಕುತ್ತಿಗೆಯ ಬೇರೆ ಸಾದಾ ಪಟ್ಟಿಗೆ ಕಟ್ಟಿ. ಶಾಕ್ ಕಾಲರ್‌ಗೇ ಕಟ್ಟಿ ಎಳೆದರೆ ಅದರ ಮೊಳೆಗಳು, ಎಂದರೆ ಚರ್ಮಕ್ಕೆ ಶಾಕ್ ಮುಟ್ಟಿಸುವ ಲೋಹದ ತುದಿಗಳು, ಕುತ್ತಿಗೆಗೆ ಒತ್ತುತ್ತವೆ. ಬಾವುಟದತ್ತ ಕರೆದೊಯ್ಯಿರಿ, ಬೀಪ್ ಕೇಳಿದೊಡನೆ ಉತ್ಸಾಹದಿಂದ ಕರೆಯುತ್ತ ಹಿಂದಕ್ಕೆ ಬನ್ನಿ, ಒಳಗೆ ಬಂದ ಕ್ಷಣವೇ ತಿಂಡಿ. ಒಮ್ಮೆಗೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ಸಲ, ನಾಲ್ಕೂ ದಿಕ್ಕಿನಲ್ಲಿ. ಮನೆಮುಂದಿನ ಗೆರೆ ಕಲಿತ ನಾಯಿಗೆ ಹಿತ್ತಲಿನ ಗೆರೆ ತಾನಾಗಿ ತಿಳಿಯುವುದಿಲ್ಲ.

ಹಗ್ಗ ಸಡಿಲವಿದ್ದಾಗಲೂ ಬೀಪ್‌ಗೆ ತಾನೇ ತಿರುಗಿದರೆ ಆಗ ಮಾತ್ರ ಶಾಕ್, ಅದೂ ತೀರಾ ಕೆಳಗಿನ ಮಟ್ಟದಲ್ಲಿ. ಕಿವಿ ನಿಮಿರಿಸಿದರೆ, ಕತ್ತು ಕೊಡವಿದರೆ ಸಾಕು. ಕುಂಯ್ ಎಂದರೆ ಹೆಚ್ಚಾಯಿತು. ಏನೂ ತಾಗದಂತಿದ್ದರೆ ಮಟ್ಟ ಏರಿಸುವ ಮುಂಚೆ ಮೊಳೆ ಚರ್ಮಕ್ಕೆ ಮುಟ್ಟಿದೆಯೇ ನೋಡಿ. ಲ್ಯಾಬ್ರಡಾರ್‌ನ ದಟ್ಟ ಒಳಗೂದಲಿಗೆ ಉದ್ದ ಮೊಳೆಯೇ ಬೇಕಾದೀತು. ಕಾಲರ್‌ನೊಳಗೆ ಒಂದು ಬೆರಳು ತೂರುವಷ್ಟು ಬಿಗಿ ಸರಿ. ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಕಟ್ಟಬೇಡಿ. ಮೊಳೆ ಒತ್ತಿ ಆದ ಹುಣ್ಣನ್ನು ಶಾಕ್‌ನಿಂದ ಸುಟ್ಟದ್ದೆಂದು ತಿಳಿದು ಗಾಬರಿಯಾಗುವವರೇ ಹೆಚ್ಚು.

ಎರಡನೇ ವಾರ ಗೆರೆಯಾಚೆ ಚೆಂಡೆಸೆಯಿರಿ, ಪಕ್ಕದ ಮನೆಯ ನಾಯಿ ಹಾದುಹೋಗಲಿ. ಹಗ್ಗ ಮಾತ್ರ ಕೈಯಲ್ಲಿರಲಿ. ಅದೆಲ್ಲ ಗೆದ್ದ ಮೇಲೆ ನೀವು ಅಂಗಳದಲ್ಲೇ ನಿಂತು ಹಗ್ಗ ಬಿಡಿ. ಬಾವುಟಗಳನ್ನು ಒಂದು ಬಿಟ್ಟು ಒಂದರಂತೆ ಮೆಲ್ಲಗೆ ಕೀಳುತ್ತ ಬನ್ನಿ. ವಾಕಿಂಗ್‌ಗೆ ಹೊರಡುವಾಗ ಕಾಲರ್ ಮನೆಯಲ್ಲೇ ಬಿಚ್ಚಿಡಿ, ಗೆರೆಯನ್ನು ನಡೆದು ದಾಟುವ ರೂಢಿಯಾಗದಂತೆ ಕಾರಿನಲ್ಲಿ ಕೂರಿಸಿಕೊಂಡು ದಾಟಿ.

ಆದರೂ ಅಳಿಲಿನ ಹಿಂದೆ ಬಿದ್ದ ನಾಯಿ ಶಾಕ್ ಲೆಕ್ಕಿಸದೆ ಹಾರೀತು. ಅಳಿಲು ಮರವೇರಿದ ಮೇಲೆ, ಆವೇಶ ಇಳಿದ ಮೇಲೆ, ಅದೇ ಶಾಕ್‌ಗೆ ಹೆದರಿ ಒಳಗೆ ಬಾರದು. ಹೊರಗಿನ ನಾಯಿ, ಕಯೋಟಿ ಎಂಬ ಅಲ್ಲಿನ ತೋಳದಂಥ ಕಾಡುಪ್ರಾಣಿಗಳಿಗಂತೂ ಈ ಬೇಲಿ ಲೆಕ್ಕಕ್ಕಿಲ್ಲ. ಹಾಗಾಗಿ ಅಂಗಳದಲ್ಲಿ ಒಂಟಿಯಾಗಿ ಬಿಟ್ಟು ಕೆಲಸಕ್ಕೆ ಹೋಗಬೇಡಿ. ಮೂರು ವಾರವಾದರೂ ಬಾಲ ಮುದುರಿಕೊಂಡೇ ಇದ್ದರೆ ಈ ಏರ್ಪಾಡೇ ಅದಕ್ಕೆ ಒಗ್ಗದು, ಕೈಬಿಡಿ. ಇಂಥ ಕಾಲರನ್ನು ವೇಲ್ಸ್‌ನಲ್ಲಿ 2010ರಲ್ಲೇ ನಿಷೇಧಿಸಿದ್ದಾರೆ.

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮ ಕಾಫಿ ತೋಟ. ಚಿರತೆ ಕಾಟಕ್ಕೆ ಇದೇ ಬೇಲಿ ಆದೀತೇ?

ಉತ್ತರ: ಆಗದು. ಶಾಕ್ ಬರುವುದು ಕಾಲರ್‌ನಿಂದ, ತಂತಿಯಿಂದಲ್ಲ. ಚಿರತೆಗೆ ಕಾಲರ್ ಕಟ್ಟುವವರು ಯಾರು? ಕತ್ತಲಾಗುವ ಮುಂಚೆ ನಾಯಿಯನ್ನು ಮೇಲೂ ಗಟ್ಟಿ ಜಾಲರಿ ಇರುವ ಗೂಡಿಗೆ ಸೇರಿಸಿ. ಹಗಲಲ್ಲಿ ನಾಯಿ ರಸ್ತೆಗೆ ಹೋಗದಿರಲಿ ಎಂದಷ್ಟೇ ಇದ್ದರೆ ಮನೆಸುತ್ತ ಮಾತ್ರ ತಂತಿ ಎಳೆಯಬಹುದು. ತೋಟದೊಳಗೆ ಎಳೆದರೆ ಅಗತೆಯ ಹೊತ್ತಿಗೆ ಗುದ್ದಲಿ ತಾಗಿ ತುಂಡಾಗುತ್ತದೆ, ಒಂದು ಕಡೆ ತುಂಡಾದರೂ ಇಡೀ ಬೇಲಿ ಸತ್ತಂತೆ.