ಬಿಸಿಯಾದ ಚಕ್ರದಿಂದಲೇ ಶುರು ಮಾಡಿ

ಆತ್ಮೀಯರೇ,

ಕಾರಿನ ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಫ್ಲೂಯಿಡ್ ಒಯ್ಯುವ, ಬಾಗುವ ರಬ್ಬರ್ ಕೊಳವೆ) ಪರೀಕ್ಷೆ, ನಿಗಾ ಮತ್ತು ಬದಲಾವಣೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟ.

ಮೊದಲ ಮೂರು ಪುಟಗಳಲ್ಲಿ ಚಕ್ರ ಹುಟ್ಟಿದ ಕಥೆ ಇದೆ, ಬ್ರೇಕ್ ಎಷ್ಟು ಮುಖ್ಯ ಅನ್ನುವ ಮಾತಿದೆ, ಸುರಕ್ಷತೆಯ ಬಗ್ಗೆ ಉಪದೇಶ ಇದೆ. ಕಾರಿನ ಕೆಳಗೆ ಒಮ್ಮೆಯೂ ಬಗ್ಗಿ ನೋಡದವರೂ ಇಷ್ಟನ್ನು ಬರೆಯಬಹುದು, ಅಲ್ವಾ? ನಾಲ್ಕನೇ ಪುಟಕ್ಕೆ ಬಂದಾಗ ಬರೆಯುವವರೇ ಬೇರೆ ಅನ್ನಿಸಿತು. ಕಾರು ಎಡಕ್ಕೆ ಎಳೆಯುತ್ತಿತ್ತು. ಇಳಿದು ನೋಡಿದರೆ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ. ರಿಮ್ ಹತ್ತಿರ ಕೈ ಒಯ್ದರೆ ಕಾವು. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬದಲಿಸಿದರೂ ಸರಿಹೋಗಲಿಲ್ಲ. ಕೊನೆಗೆ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಹೋಸನ್ನು ಉದ್ದಕ್ಕೆ ಸೀಳಿದಿರಿ. ಒಳಗಿನ ರಬ್ಬರ್ ಊದಿಕೊಂಡು ದಾರಿ ಮುಚ್ಚಿಹೋಗಿತ್ತು. ಇಷ್ಟೆಲ್ಲವನ್ನೂ ಏಳೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಮ್ಮ ಲೇಖನ ಅಂದರೆ ಅದೇ. ಅಲ್ಲಿಂದಲೇ ಶುರು ಮಾಡಿ.

ಹಾಗೆ ಶುರು ಮಾಡಿದರೆ ಓದುವವರು ತಾವಾಗಿ ಕೇಳುತ್ತಾರೆ: ದಾರಿ ಮುಚ್ಚಿದ್ದರೆ ಬ್ರೇಕ್ ಹಿಡಿಯಲೇಬಾರದು, ಇಲ್ಲಿ ಹಿಡಿದದ್ದು ಬಿಡುತ್ತಲೇ ಇಲ್ಲವಲ್ಲ, ಯಾಕೆ? ಇದಕ್ಕೆ ಉತ್ತರ ನೀವು ಕೊಟ್ಟಿಲ್ಲ. ಹನ್ನೊಂದು ದೋಷಗಳ ಪಟ್ಟಿಯಲ್ಲಿ ಏಳನೆಯದಾಗಿ 'ಒಳಗಿನ ತಡೆ' ಅಂತಷ್ಟೇ ಬರೆದಿದ್ದೀರಿ. ಪೆಡಲ್ ಒತ್ತಿದಾಗ ಫ್ಲೂಯಿಡ್ ಹೋಗುವುದು ಭಾರೀ ಒತ್ತಡದಲ್ಲಿ. ಕಿರಿದಾದ ಸಂದಿ ಇದ್ದರೂ ನುಗ್ಗಿ ಹೋಗುತ್ತದೆ. ಕಾಲು ತೆಗೆದ ಮೇಲೆ ಅದನ್ನು ವಾಪಸ್ ತಳ್ಳುವವರು ಯಾರು? ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ ತನ್ನ ಮೊದಲಿನ ಆಕಾರಕ್ಕೆ ಮರಳುವಾಗ ಕೊಡುವ ಚಿಕ್ಕ ಎಳೆತ, ಅಷ್ಟೇ. ಆ ಬಲಕ್ಕೆ ಊದಿದ ರಬ್ಬರನ್ನು ದಾಟಿಸುವ ಶಕ್ತಿ ಇಲ್ಲ. ಫ್ಲೂಯಿಡ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಪ್ಯಾಡ್ ಡಿಸ್ಕನ್ನು ಹಿಡಿದೇ ಇರುತ್ತದೆ. ಇದು ಗೊತ್ತಿದ್ದರೆ ನೀವು ಆ ಕ್ಯಾಲಿಪರಿಗೆ ದುಡ್ಡು ಹಾಕುತ್ತಿರಲಿಲ್ಲ. ಓದುವವರಿಗೂ ಅದು ಉಳಿಯಲಿ.

ಪತ್ತೆ ಮಾಡುವ ಕ್ರಮವನ್ನೂ ಬಿಡಿಸಿ ಬರೆಯಿರಿ. ಕಾರನ್ನು ಬರೀ ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಚಕ್ರ ಹಿಡಿದುಕೊಂಡಿರುವಾಗಲೇ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಫ್ಲೂಯಿಡ್, ಗಾಳಿ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಬೇಕು. ಆಗಲೂ ಚಕ್ರ ಬಿಡದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಜಾಮ್ ಆಗಿದೆ. ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಬಿದ್ದಿತ್ತು ಅಂತ ಅರ್ಥ. ಇನ್ನೊಮ್ಮೆ ಪೆಡಲ್ ಒತ್ತಿ ಚಕ್ರ ಹಿಡಿಸಿ, ಈ ಸಲ ಹೋಸಿನ ಮೇಲ್ತುದಿಯಲ್ಲಿ ಕಬ್ಬಿಣದ ಪೈಪ್ ಸೇರುವ ಜಾಗವನ್ನು ಸಡಿಲಿಸಬೇಕು. ಅಲ್ಲಿ ಬಿಡದೆ ನಿಪ್ಪಲಿನಲ್ಲಿ ಮಾತ್ರ ಬಿಟ್ಟರೆ ತಪ್ಪು ಹೋಸಿನದೇ. ಇಷ್ಟಾದ ಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯದೆ ಕಾರು ಓಡಿಸಬಾರದು ಅನ್ನುವ ಮಾತು ಅಲ್ಲೇ, ಅದೇ ಪ್ಯಾರಾದಲ್ಲಿ ಬರಬೇಕು.

ಈಗ ತಪ್ಪುಗಳ ಮಾತು. ಬ್ರೇಕ್ ವಿಷಯವಾದ್ದರಿಂದ ನೇರವಾಗಿ ಹೇಳುತ್ತೇನೆ.

ಲೇಖನದ ಉದ್ದಕ್ಕೂ 'ಬ್ರೇಕ್ ಆಯಿಲ್' ಅಂತ ಬರೆದಿದ್ದೀರಿ. ಮಾತಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ಅದು ಎಣ್ಣೆ ಅಲ್ಲ. ಸಾಮಾನ್ಯವಾಗಿ ಸಿಗುವ ಡಾಟ್ 3, ಡಾಟ್ 4 ಫ್ಲೂಯಿಡ್‌ಗಳು ಗ್ಲೈಕಾಲ್ ಮೂಲದವು. ಹೋಸಿನ ಒಳಪದರ ಇಪಿಡಿಎಂ ಅನ್ನುವ ರಬ್ಬರ್. ಅದಕ್ಕೆ ಇಂಜಿನ್ ಆಯಿಲ್‌ನಂಥ ಪೆಟ್ರೋಲಿಯಂ ಎಣ್ಣೆ ತಗುಲಿದರೆ ಊದಿಕೊಳ್ಳುತ್ತದೆ. 'ಆಯಿಲ್ ಕಡಿಮೆಯಾದರೆ ತುಂಬಿಸಿ' ಅನ್ನುವ ನಿಮ್ಮ ಸಾಲು ಓದಿ ಯಾರಾದರೂ ಕೈಗೆ ಸಿಕ್ಕ ಆಯಿಲ್ ಸುರಿದರೆ ಹೋಸ್, ಸೀಲ್ ಎಲ್ಲಾ ಹಾಳು. ಪದ ಬದಲಿಸಿ, ಯಾಕೆ ಬದಲಿಸಿದಿರಿ ಅಂತಲೂ ಒಂದು ಸಾಲು ಬರೆಯಿರಿ.

'ಹೋಸನ್ನು 2 ವರ್ಷಕ್ಕೊಮ್ಮೆ ಬದಲಿಸಲೇಬೇಕು' ಅಂದಿದ್ದೀರಿ. ಹಲವು ಕಂಪನಿಗಳು 2 ವರ್ಷದ ಲೆಕ್ಕ ಹೇಳುವುದು ಫ್ಲೂಯಿಡ್‌ಗೆ. ಅದು ಗಾಳಿಯ ತೇವ ಹೀರುತ್ತದೆ, ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155. ಹೋಸನ್ನು ಅದರ ಸ್ಥಿತಿ ನೋಡಿ, ಕಾರಿನ ಕೈಪಿಡಿ ನೋಡಿ ಬದಲಿಸಬೇಕು. ಎರಡೂ ಕಲಸಿಹೋಗಿವೆ.

ಫ್ಲೂಯಿಡ್ ಸೋರದಂತೆ ಹೋಸನ್ನು ಇಕ್ಕಳದಲ್ಲಿ ಬಿಗಿಹಿಡಿಯಿರಿ ಅಂತ ಬರೆದಿದ್ದೀರಿ. ದಯವಿಟ್ಟು ತೆಗೆದುಹಾಕಿ. ಒಳಪದರ ಅಲ್ಲೇ ಕಿತ್ತುಬರಬಹುದು, ಹೊರಗೆ ಗುರುತೂ ಕಾಣದು. ಒಂದು ಗ್ಯಾರೇಜಿನಲ್ಲಿ ನನ್ನ ಕಾರಿಗೆ ಪ್ಯಾಡ್ ಹಾಕುವಾಗ ಬಿಚ್ಚಿದ ಕ್ಯಾಲಿಪರನ್ನು ಹೋಸಿನಿಂದಲೇ ನೇತುಬಿಟ್ಟಿದ್ದರು. ಅಷ್ಟು ಭಾರದ ಕಬ್ಬಿಣ ತೂಗಾಡುವುದನ್ನು ನೋಡಿ ನನಗೆ ಸಂಕಟವಾಯಿತು. ಒಂದು ತುಂಡು ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿದರೆ ಮುಗೀತು. ನಿಮ್ಮ ಲೇಖನದಲ್ಲಿ ಈ ಮಾತೇ ಇಲ್ಲ, ಸೇರಿಸಿ.

ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಚೆನ್ನಾಗಿದ್ದರೆ ಮತ್ತೆ ಬಳಸಬಹುದು ಅನ್ನುವುದೂ ಬೇಡ. ಅದು ಒಮ್ಮೆ ಅದುಮಿಕೊಂಡು ಕೂರುವ ವಸ್ತು. ಎರಡೂ ಬದಿಗೆ ಹೊಸದೇ ಹಾಕಬೇಕು.

'ನಿಯಮಿತವಾಗಿ ಪರೀಕ್ಷಿಸಿ' ಅಂತ ಐದು ಕಡೆ ಇದೆ. ಏನನ್ನು, ಹೇಗೆ ನೋಡಬೇಕು ಅಂತ ಒಂದು ಕಡೆಯೂ ಇಲ್ಲ. ನೀವು ಮಾಡುವುದನ್ನೇ ಬರೆಯಿರಿ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಟಾರ್ಚ್ ಬಿಡುತ್ತೀರಿ. ಹೋಸ್ ಲೋಹದ ತುದಿಗೆ ಸೇರುವ ಜಾಗವನ್ನು ಮೆಲ್ಲಗೆ ಬಾಗಿಸುತ್ತೀರಿ, ಬಿರುಕಿದ್ದರೆ ಅಲ್ಲೇ ಬಾಯಿ ಬಿಡುತ್ತದೆ. ಬೆರಳಾಡಿಸಿದರೆ ಒದ್ದೆಯಾ, ಟಯರ್ ಉಜ್ಜಿ ನುಣುಪಾಗಿದೆಯಾ ಗೊತ್ತಾಗುತ್ತದೆ. ಇನ್ನೊಬ್ಬರು ಪೆಡಲ್ ಒತ್ತಿದಾಗ ಎಲ್ಲಾದರೂ ಗುಳ್ಳೆಯಂತೆ ಉಬ್ಬಿದರೆ ಮುಂದೆ ಯೋಚಿಸುವುದೇ ಬೇಡ, ಬದಲಿಸಬೇಕು. ಒಂದು ಬದಿ ಹೋದರೆ ಅದೇ ಆಕ್ಸಲಿನ ಇನ್ನೊಂದು ಬದಿಯದನ್ನೂ ಬದಲಿಸುವುದು ಒಳ್ಳೆಯದು, ಎರಡಕ್ಕೂ ವಯಸ್ಸು ಒಂದೇ.

ಜೋಡಿಸುವ ಭಾಗ ಚೆನ್ನಾಗಿದೆ. ನಟ್ ಮೂಲೆ ಸವೆಯದಂತೆ ಫ್ಲೇರ್ ಸ್ಪ್ಯಾನರ್ ಬಳಸಬೇಕು ಅಂದಿದ್ದೀರಿ, ಹೋಸ್ ಮೇಲಿನ ಗೆರೆ ನೋಡಿ ತಿರುಚಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ ಅಂದಿದ್ದೀರಿ. ಇವು ಕೈಯಿಂದ ಬಂದ ಮಾತುಗಳು, ಮುಟ್ಟಬೇಡಿ. ಗಾಳಿ ತೆಗೆಯುವ ಒಂದೂವರೆ ಪುಟ ಮಾತ್ರ ಜಾಸ್ತಿಯಾಯಿತು. ಫ್ಲೂಯಿಡ್ ಡಬ್ಬಿ ಖಾಲಿಯಾಗಲು ಬಿಡಬಾರದು, ಚಕ್ರಗಳ ಸರದಿ ಕೈಪಿಡಿಯಲ್ಲಿರುವಂತೆ, ಪೆಡಲ್ ಗಟ್ಟಿಯಾಗುವವರೆಗೆ ಕಾರು ಕದಲಿಸಬಾರದು. ಇಷ್ಟು ಸಾಕು. ಇದನ್ನು ಹಿಂದೆ ಮಾಡಿರದವರು ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಲಿ ಅಂತ ಸ್ಪಷ್ಟವಾಗಿ ಬರೆಯಿರಿ.

ಆ ಸೀಳಿದ ಹೋಸ್ ಇನ್ನೂ ನಿಮ್ಮ ಹತ್ತಿರ ಇದ್ದರೆ ಬೆಳಕಿನಲ್ಲಿಟ್ಟು ಹತ್ತಿರದಿಂದ ಫೋಟೋ ತೆಗೆದು, ತಿದ್ದಿದ ಲೇಖನದ ಜೊತೆ ಕಳಿಸಿ. ಇನ್ನೊಂದು ಪ್ರಶ್ನೆ. ನಿಪ್ಪಲ್ ಸಡಿಲಿಸಿದಾಗ ಫ್ಲೂಯಿಡ್ ಚಿಮ್ಮಿತಾ, ಜಿನುಗಿತಾ? ಚಕ್ರ ತಕ್ಷಣ ತಿರುಗಿತಾ? ಅದನ್ನು ನೀವು ಬರೆದೇ ಇಲ್ಲ.

ನಿಮ್ಮ,
ಸಂಪಾದಕ